ಲೈವ್ ಮಾಡೋರೇ ಓಡಾಡಿದ್ರೆ?

ಓಡೋ ರೈಲಲ್ಲಿ ಒಬ್ರು ವಿಡಿಯೋ ನೋಡ್ತಿದ್ದಾರೆ,
ಇನ್ನೊಬ್ರು ಲೈವ್ ಮಾಡ್ತಿದ್ದಾರೆ.
ನೆಟ್‌ವರ್ಕ್‌ಗೆ ಯಾರ ಕಾಟ ಜಾಸ್ತಿ?

ಇವತ್ತಿನ ಇಂಟರ್ನೆಟ್ಟಿಗೆ ವಿಳಾಸ ಬೇಕು.
2009ರಲ್ಲಿ ನೆಟ್‌ವರ್ಕ್ ಸಂಶೋಧಕ ವ್ಯಾನ್ ಜೇಕಬ್ಸನ್ ತಂಡ ಹೇಳ್ತು:
ವಿಳಾಸ ಬಿಡಿ, ಬೇಕಾದ್ದರ ಹೆಸರು ಹೇಳಿ ಸಾಕು.
ಹತ್ತಿರದ ರೂಟರ್‌ನಲ್ಲಿ ಕಾಪಿ ಇದ್ರೆ
ಅದೇ ಕೊಟ್ಟುಬಿಡುತ್ತೆ.
ಮುಂದೆ ಇದೇ ನೇಮ್ಡ್ ಡೇಟಾ ನೆಟ್‌ವರ್ಕಿಂಗ್ ಆಯ್ತು.

ಇದರಲ್ಲಿ ನೋಡೋರು ಓಡಾಡಿದ್ರೆ ತಲೆನೋವಿಲ್ಲ.
ಟವರ್ ಬದಲಾಯ್ತಾ?
ಅದೇ ಹೆಸರಲ್ಲಿ ಮತ್ತೆ ಕೇಳಿದ್ರಾಯ್ತು.

ಲೈವ್ ಮಾಡೋರೇ ಜಾಗ ಬದಲಿಸಿದ್ರೆ?
ಸರ್ಕಲ್‌ನಲ್ಲಿದ್ದ ಪಾನಿಪೂರಿ ಗಾಡಿ
ಪಾರ್ಕ್ ಹತ್ರ ಹೋಗಿದೆ.
ಜನ ಮಾತ್ರ ಇನ್ನೂ ಸರ್ಕಲ್ ಕಡೆಗೇ
ಕೈ ತೋರಿಸ್ತಿದ್ದಾರೆ!
ರೂಟರ್‌ಗಳ ಪಾಡೂ ಅಷ್ಟೇ.
ಈಗಷ್ಟೇ ಹುಟ್ಟಿದ ಲೈವ್ ತುಣುಕು,
ಕಾಪಿ ಎಲ್ಲೂ ಇರಲ್ಲ.
ಪ್ರತಿ ಸಲ ಎಲ್ಲಾ ರೂಟರ್‌ಗೂ ಹೊಸ ದಾರಿ ಹೇಳೋದು?
ಆಗೋ ಮಾತಲ್ಲ ಬಿಡಿ.

ಒಂದು ಉಪಾಯ ಇದೆ.
ಕದಲದ ಒಂದು ರೂಟರ್ ಗೊತ್ತು ಮಾಡ್ಕೊಳ್ಳೋದು.
ಫೋನ್ ಹೋದಲ್ಲೆಲ್ಲ
"ಈಗ ಇಲ್ಲಿದ್ದೀನಿ" ಅಂತ ಅದಕ್ಕೆ ತಿಳಿಸುತ್ತೆ.
ಕೇಳಿ ಬಂದವರನ್ನ ಅದು ಅತ್ತ ಕಳಿಸುತ್ತೆ.
ಸುತ್ತುದಾರಿ, ನಿಜ.
ಆ ರೂಟರ್ ಕೆಟ್ರೆ ಲೈವೂ ಕೆಡ್ತು.

ನೀವಾಗಿದ್ರೆ ಏನ್ ಮಾಡ್ತಿದ್ರಿ?
ಕಮೆಂಟ್‌ನಲ್ಲಿ ಹೇಳಿ.