ಜ್ವರ ಬಂದ ದಿನವನ್ನು ಬರೆದಿಡಿ

2021ರಲ್ಲಿ ಸತತ ಎರಡನೇ ವರ್ಷ ನಾವು ಈದ್ ನಮಾಝನ್ನು ಮನೆಯಲ್ಲೇ ಮಾಡಿದೆವು. ಮೇ 10ರಿಂದ ರಾಜ್ಯವೆಲ್ಲ ಲಾಕ್‌ಡೌನ್, 14ರಂದು ಹಬ್ಬ. ಈದ್ಗಾ ಇಲ್ಲ, ಆಲಿಂಗನವಿಲ್ಲ, ನೆಂಟರ ಮನೆಯ ಶೀರ್‌ಕುರ್ಮಾ ಇಲ್ಲ. ಅದನ್ನು ಹೇಗೋ ಸಹಿಸಿಕೊಂಡೆವು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮೊಹಲ್ಲಾಗಳಲ್ಲಿ ಹಬ್ಬದ ನಂತರ ಜನ ತಗ್ಗಿದ ದನಿಯಲ್ಲಿ ಆಡುತ್ತಿದ್ದ ಮಾತೇ ಬೇರೆ: “ಅವರ ಮನೆಯಲ್ಲಿ ಜ್ವರವಂತೆ. ಯಾರಿಗೂ ಹೇಳಬೇಡಿ.”

ಈ “ಹೇಳಬೇಡಿ” ಎಂಬ ಮಾತಿನ ಬಗ್ಗೆಯೇ ಈ ಲೇಖನ. ಕೊರೋನಾದಲ್ಲಿ ಜ್ವರಕ್ಕಿಂತ ಹೆಚ್ಚು ಅಪಾಯ ತರುವುದು ಮುಚ್ಚಿಟ್ಟ ಜ್ವರ. ಅದು ಹೇಗೆಂದು ಅರ್ಥವಾದರೆ ನಿಮ್ಮ ಮನೆಯ ಒಂದು ಜೀವವನ್ನಾದರೂ ಉಳಿಸಿಕೊಳ್ಳಬಹುದು, ಇನ್‌ಶಾ ಅಲ್ಲಾಹ್.

ಒಂದು ಮನೆಯ ಒಂಬತ್ತು ದಿನ

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಬ್ಬಾನಿಗೆ ಐವತ್ತೆಂಟು ವರ್ಷ, ಸಕ್ಕರೆ ಕಾಯಿಲೆ ಇದೆ. ಸೋಮವಾರ ಮೈ ಬಿಸಿಯಾಯಿತು. “ಬಿಸಿಲಿಗೆ ಆಗಿರಬೇಕು” ಎಂದರು. ಮಂಗಳವಾರ ಮೈಕೈ ನೋವು, ಮಾತ್ರೆ ತಂದರು. ಬುಧವಾರ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಮನೆಯವರು, “ಏನಿಲ್ಲ ಅಕ್ಕಾ, ಎಲ್ಲರೂ ಆರಾಮಿದ್ದೀವಿ” ಎಂದು ಕಳಿಸಿದರು. ಗುರುವಾರ ಪರಿಚಯದವರೊಬ್ಬರಿಂದ ಗ್ಲೂಕೋಸ್ ಹಾಕಿಸಿ ಎರಡು ಸೂಜಿ ಕೊಡಿಸಿದರು. ಶನಿವಾರ ಜ್ವರ ಇಳಿಯಿತು. ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎಂದರು. ಭಾನುವಾರ ಸುಸ್ತು, ಊಟ ಬೇಡ. ಸೋಮವಾರ ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಏದುಸಿರು. ಮಂಗಳವಾರ ರಾತ್ರಿ ತುಟಿ ನೀಲಿಯಾದಾಗ ಕಾರು ಹುಡುಕಿದರು. ಹೊಸಪೇಟೆಗೋ, ಬಳ್ಳಾರಿಗೋ, ದಾವಣಗೆರೆಗೋ ಎಂದು ಚರ್ಚಿಸುವುದರಲ್ಲೇ ಇನ್ನೂ ಒಂದು ಗಂಟೆ ಹೋಯಿತು.

ಇಂತಹ ಮನೆ ನಿಮಗೂ ಗೊತ್ತಿರಬಹುದು. ಆ ಮನೆಯವರಿಗೆ ಅಬ್ಬಾನ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ಅವರಿಗೆ ಈ ರೋಗದ ಲೆಕ್ಕ ತಿಳಿದಿರಲಿಲ್ಲ, ಅಷ್ಟೇ.

ಮೊದಲ ವಾರ ಬೇರೆ, ಎರಡನೇ ವಾರ ಬೇರೆ

ಮೊದಲ ಐದಾರು ದಿನ ವೈರಾಣು ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಹೆಚ್ಚುತ್ತಿರುತ್ತದೆ. ಜ್ವರ, ಕೆಮ್ಮು, ಮೈಕೈ ನೋವು, ವಾಸನೆ ಮತ್ತು ರುಚಿ ತಿಳಿಯದಿರುವುದು ಈ ಹಂತದ ಲಕ್ಷಣಗಳು. ಹೆಚ್ಚಿನವರಿಗೆ ರೋಗ ಇಲ್ಲಿಗೇ ಮುಗಿಯುತ್ತದೆ. ಆದರೆ ಕೆಲವರಲ್ಲಿ ಐದರಿಂದ ಹತ್ತನೇ ದಿನದೊಳಗೆ ದೇಹದ ರೋಗನಿರೋಧಕ ಶಕ್ತಿಯೇ ಅತಿಯಾಗಿ ಕೆರಳಿ, ಶ್ವಾಸಕೋಶದಲ್ಲಿ ಉರಿಯೂತ ಉಂಟಾಗುತ್ತದೆ. ಗಾಳಿ ತುಂಬಬೇಕಾದ ಸಣ್ಣ ಚೀಲಗಳಲ್ಲಿ ದ್ರವ ತುಂಬುತ್ತದೆ. ಆಗ ರಕ್ತಕ್ಕೆ ಆಮ್ಲಜನಕ ಸಾಲದಾಗುತ್ತದೆ. ಆ ಹೊತ್ತಿಗೆ ಜ್ವರ ಇಳಿದಿರಲೂಬಹುದು. ಆದ್ದರಿಂದ ಜ್ವರ ಇಳಿದ ಮಾತ್ರಕ್ಕೆ ಕಾಯಿಲೆ ಮುಗಿಯಿತೆಂದು ತಿಳಿಯಬೇಡಿ.

ಇನ್ನೊಂದು ಮೋಸವಿದೆ. ಉಸಿರಾಡಬೇಕೆಂಬ ಒತ್ತಡ ನಮಗೆ ಹುಟ್ಟುವುದು ಹೆಚ್ಚಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಆಮ್ಲಜನಕ ಕಡಿಮೆಯಾದಾಗ ಅಷ್ಟಾಗಿ ಅಲ್ಲ. ಈ ರೋಗದ ಆರಂಭದಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಲೇ ಇರುತ್ತದೆ. ಹಾಗಾಗಿ ಆಮ್ಲಜನಕ ಕುಸಿದಿದ್ದರೂ ರೋಗಿ ಕುಳಿತು ಚಹಾ ಕುಡಿಯುತ್ತ ಮಾತಾಡುತ್ತಿರುತ್ತಾರೆ. ನೋಡಿದವರಿಗೆ “ಚೆನ್ನಾಗಿದ್ದಾರಲ್ಲ” ಎನಿಸುತ್ತದೆ.

ಇದಕ್ಕಾಗಿಯೇ ದಿನದ ಲೆಕ್ಕ ಮುಖ್ಯ. ಮೊದಲ ಲಕ್ಷಣ ಕಂಡ ದಿನವನ್ನು, ಅದು ಬರೀ ಗಂಟಲು ಕೆರೆತವಾಗಿದ್ದರೂ, ಗೋಡೆಯ ಮೇಲಿನ ನಮಾಝ್ ವೇಳೆಯ ಕ್ಯಾಲೆಂಡರಿನಲ್ಲಿ “1” ಎಂದು ಬರೆದಿಡಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೂ ಇದೇ. ಪರೀಕ್ಷೆಯಲ್ಲಿ ನೆಗೆಟಿವ್ ಬಂದರೂ ಲಕ್ಷಣಗಳಿದ್ದರೆ ಲೆಕ್ಕ ನಿಲ್ಲಿಸಬೇಡಿ. ಒಂದು ಪರೀಕ್ಷೆ ತಪ್ಪಬಹುದು.

ನಮ್ಮ ತಾಲೂಕುಗಳಿಗೆ ಇದು ಏಕೆ ಹೆಚ್ಚು ಮುಖ್ಯ?

2020ರ ಮಾರ್ಚ್ ಕೊನೆಯಲ್ಲಿ ಹೊಸಪೇಟೆಯಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಕಂಡಾಗ ರೋಗ ಪಟ್ಟಣದಲ್ಲಿತ್ತು. 2021ರ ಎರಡನೇ ಅಲೆಯಲ್ಲಿ ಅದು ಹಳ್ಳಿ, ತಾಂಡಾಗಳನ್ನು ಮುಟ್ಟಿತು. ದುಡಿಯಲು ಬೆಂಗಳೂರಿಗೆ ಹೋದವರು ಊರಿಗೆ ಮರಳಿದ್ದರು. 2021ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆ ಘೋಷಣೆಯಾಗಿ ನಮ್ಮ ಐದೂ ತಾಲೂಕುಗಳು ಅದರಲ್ಲಿ ಸೇರಿವೆ. ಆದರೆ ದೊಡ್ಡ ಚಿಕಿತ್ಸೆಗೆ ಆಗಲೂ ನಾವು ನೋಡುತ್ತಿದ್ದುದು ಬಳ್ಳಾರಿಯ ವಿಮ್ಸ್ ಕಡೆಗೆ, ಹರಪನಹಳ್ಳಿಯವರಾದರೆ ದಾವಣಗೆರೆ ಕಡೆಗೆ. ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯ ಬಳಿ 2021ರ ಮೇ ತಿಂಗಳಲ್ಲಿ ಆಮ್ಲಜನಕ ಸೌಲಭ್ಯದ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯೂ ಸಿದ್ಧವಾಗಿತ್ತು. ಇವೆಲ್ಲ ಹಡಗಲಿ, ಕೊಟ್ಟೂರಿನಿಂದ ಗಂಟೆಗಟ್ಟಲೆ ದಾರಿ. ಆಸ್ಪತ್ರೆ ಪಕ್ಕದ ಬೀದಿಯಲ್ಲಿ ಇರುವವನು ಒಂದು ದಿನ ತಡಮಾಡಿದರೂ ಬದುಕಬಹುದು. ದಾರಿ ದೂರವಿದ್ದವರು ಮೊದಲೇ ಹೊರಡಬೇಕು.

ಬೆರಳಿಗೆ ಆಕ್ಸಿಮೀಟರ್, ಕೈಯಲ್ಲಿ ಗಡಿಯಾರ

ಪ್ರತಿ ಮನೆಗೆ ಆಕ್ಸಿಮೀಟರ್ ಕೊಳ್ಳುವ ಶಕ್ತಿ ಇರದಿರಬಹುದು. ಹತ್ತು ಮನೆಗಳು ಸೇರಿ ಒಂದನ್ನು ಕೊಳ್ಳಬಹುದು. ಮಸೀದಿ ಕಮಿಟಿಯವರು ಎರಡು ತಂದಿಟ್ಟರೆ ಇನ್ನೂ ಒಳ್ಳೆಯದು. ಬಳಸುವ ಮುನ್ನ ಮತ್ತು ನಂತರ ಸ್ಯಾನಿಟೈಸರ್‌ನಿಂದ ಒರೆಸಿ.

ನೋಡುವ ಕ್ರಮ ಹೀಗಿದೆ. ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನಡುಬೆರಳು ಅಥವಾ ತೋರುಬೆರಳಿಗೆ ಹಾಕಿ, ಅಂಕಿ ನಿಂತ ಮೇಲೆ ಓದಿ. ಸಹೋದರಿಯರು ಒಂದು ಮಾತು ನೆನಪಿಡಬೇಕು: ಉಗುರು ಬಣ್ಣವಿದ್ದರೆ ಅಳತೆ ತಪ್ಪಬಹುದು. ಹಬ್ಬದ ಮೆಹೆಂದಿ, ಅದರಲ್ಲೂ ಕಪ್ಪು ಮೆಹೆಂದಿ, ಬೆರಳಲ್ಲಿ ದಟ್ಟವಾಗಿದ್ದರೂ ಹಾಗೆಯೇ. ಮೆಹೆಂದಿ ಇಲ್ಲದ ಬೆರಳನ್ನು, ಅದಿಲ್ಲದಿದ್ದರೆ ಕಾಲಿನ ಬೆರಳನ್ನು ಬಳಸಿ. ದಿನಕ್ಕೆ ನಾಲ್ಕು ಬಾರಿ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಫಜ್ರ್, ಝುಹ್ರ್, ಮಗ್ರಿಬ್, ಇಶಾ ಎಂದು ಹೊತ್ತು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ.

ಅಂಕಿ 95 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮನೆಯಲ್ಲೇ ನಿಗಾ ಸಾಕು. 94 ಬಂದರೆ ಆಗಲೇ ವೈದ್ಯರಿಗೆ ಫೋನ್ ಮಾಡಿ, ಮತ್ತೆ ಮತ್ತೆ ನೋಡುತ್ತಿರಿ. ಅದಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೊರಡಿ. 90ರ ಕೆಳಗೆ ತುರ್ತುಸ್ಥಿತಿ, ಆಂಬುಲೆನ್ಸ್‌ಗೆ 108. ಸಲಹೆ ಬೇಕಾದರೆ 2021ರಲ್ಲಿ ಆಪ್ತಮಿತ್ರ ಸಹಾಯವಾಣಿ 14410 ಇತ್ತು, 104 ಇತ್ತು.

ಕುಳಿತಾಗ ಅಂಕಿ ಸರಿಯಿದ್ದರೂ ಮನೆಯೊಳಗೆ ಆರು ನಿಮಿಷ ನಡೆಸಿ ಮತ್ತೆ ನೋಡಿ. ಮೂರು ಅಂಕಿಗಿಂತ ಹೆಚ್ಚು ಇಳಿದರೆ ಅಥವಾ ತಲೆ ಸುತ್ತಿದರೆ ಶ್ವಾಸಕೋಶ ಸೋಲುತ್ತಿದೆ ಎಂದರ್ಥ. ಈಗಾಗಲೇ ಏದುಸಿರು ಇದ್ದವರನ್ನು, ನಡೆಯಲಾಗದ ವೃದ್ಧರನ್ನು ಹೀಗೆ ನಡೆಸಬೇಡಿ.

ಆಕ್ಸಿಮೀಟರ್ ಸಿಗಲಿಲ್ಲವೇ? ಗಡಿಯಾರ ಹಿಡಿದು ರೋಗಿಯ ಎದೆ ಒಂದು ನಿಮಿಷದಲ್ಲಿ ಎಷ್ಟು ಬಾರಿ ಏರಿಳಿಯುತ್ತದೆ ಎಣಿಸಿ. ದೊಡ್ಡವರಲ್ಲಿ 24 ಅಥವಾ ಹೆಚ್ಚಾದರೆ ಕಾಯಬೇಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದೆ ನಡುವೆ ಉಸಿರು ಎಳೆದುಕೊಂಡರೆ, ಎದೆ ಹಿಡಿದಂತಾದರೆ, ಮಾತು ತಡವರಿಸಿದರೆ, ಅತಿಯಾಗಿ ನಿದ್ದೆಗೆ ಜಾರಿದರೆ ಅದೂ ಅಪಾಯದ ಸೂಚನೆ.

ಹಾಸಿಗೆ ಸಿಗುವವರೆಗೆ ಅಥವಾ ವಾಹನ ಬರುವವರೆಗೆ ರೋಗಿಯನ್ನು ಕವುಚಿ ಮಲಗಿಸಿ. ಕುತ್ತಿಗೆಯ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಮೊಣಕಾಲಿಗಿಂತ ಕೆಳಗಿನ ಕಾಲಿನಡಿ ಎರಡು. ಶ್ವಾಸಕೋಶದ ಹಿಂಭಾಗಕ್ಕೆ ಗಾಳಿ ಚೆನ್ನಾಗಿ ಆಡಿ ಅಂಕಿ ಏರಬಹುದು. ಊಟವಾದ ಒಂದು ಗಂಟೆಯೊಳಗೆ ಬೇಡ. ಗರ್ಭಿಣಿಯರಿಗೆ, ತೀವ್ರ ಹೃದ್ರೋಗವಿರುವವರಿಗೆ ಬೇಡ. ಇದು ಆಸ್ಪತ್ರೆಗೆ ಬದಲಿ ಅಲ್ಲ.

ಬೇಗ ಗುಣವಾಗಲೆಂದು ಮಾಡುವ ತಪ್ಪುಗಳು

ಮೊದಲ ದಿನಗಳಲ್ಲೇ ಸ್ಟೀರಾಯ್ಡ್ ಮಾತ್ರೆ, ಸೂಜಿ ತೆಗೆದುಕೊಳ್ಳುವುದು ದೊಡ್ಡ ತಪ್ಪು. ಸ್ಟೀರಾಯ್ಡ್ ಜ್ವರವನ್ನು ಥಟ್ಟನೆ ಇಳಿಸುತ್ತದೆ; ಜನ ಅದನ್ನೇ ಒಳ್ಳೆಯ ಔಷಧಿ ಎನ್ನುತ್ತಾರೆ. ಇಂಗ್ಲೆಂಡಿನ ರಿಕವರಿ ಅಧ್ಯಯನ 2020ರ ಜೂನ್‌ನಲ್ಲಿ ತೋರಿಸಿಕೊಟ್ಟಂತೆ ಡೆಕ್ಸಾಮೆಥಾಸೋನ್ ಜೀವ ಉಳಿಸುವುದು ಆಮ್ಲಜನಕ ಬೇಕಾದ ರೋಗಿಗಳಲ್ಲಿ ಮಾತ್ರ. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಮೊದಲ ವಾರದಲ್ಲಿ ಕೊಟ್ಟರೆ ವೈರಾಣುವಿನೊಡನೆ ಹೋರಾಡುವ ಶಕ್ತಿಯನ್ನೇ ಕುಗ್ಗಿಸುತ್ತದೆ, ಸಕ್ಕರೆ ಏರಿಸುತ್ತದೆ. 2021ರಲ್ಲಿ ಭಯ ಹುಟ್ಟಿಸಿದ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿಯುವುದು ಸಕ್ಕರೆ ಹತೋಟಿಯಲ್ಲಿಲ್ಲದ, ಸ್ಟೀರಾಯ್ಡ್ ತೆಗೆದುಕೊಂಡವರನ್ನೇ. ಕೊಡುತ್ತಿರುವ ಸೂಜಿ ಯಾವುದೆಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸಕ್ಕರೆ, ಬಿಪಿ ಮಾತ್ರೆಗಳನ್ನು ಕೊರೋನಾ ಬಂದಿದೆ ಎಂದು ನಿಲ್ಲಿಸಬೇಡಿ.

ಕಷಾಯ ಕುಡಿಯಿರಿ, ಕಲೌಂಜಿ ತಿನ್ನಿ. ಸಕ್ಕರೆ ಕಾಯಿಲೆ ಇಲ್ಲದವರು ಜೇನನ್ನೂ ಸೇವಿಸಿ. ಆದರೆ ಅದನ್ನು ನಂಬಿ ಅಂಕಿ ನೋಡುವುದನ್ನು ಬಿಡಬೇಡಿ. ಮೂಗಿಗೆ ನಿಂಬೆರಸ ಬಿಡುವುದು ಮಾತ್ರ ಖಂಡಿತ ಬೇಡ.

ಚಿಕ್ಕ ಮನೆ, ದೊಡ್ಡ ಕುಟುಂಬ

ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ? ಇಲ್ಲದವರು 2021ರಲ್ಲಿ ಕೋವಿಡ್ ಆರೈಕೆ ಕೇಂದ್ರಕ್ಕೆ ಹೋಗುವುದೇ ಮನೆಯವರಿಗೆ ಮಾಡುವ ಉಪಕಾರವಾಗಿತ್ತು. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ರೋಗಿಗೆ ಗಾಳಿಯಾಡುವ ಪಡಸಾಲೆ ಬಿಟ್ಟುಕೊಡಿ. ಕಿಟಕಿ ಬಾಗಿಲು ತೆರೆದಿಡಿ. ಈ ರೋಗ ಹೆಚ್ಚಾಗಿ ಹರಡುವುದು ಮುಚ್ಚಿದ ಕೋಣೆಯ ಉಸಿರಿನಿಂದ. ಒಬ್ಬರೇ ಆರೈಕೆ ಮಾಡಲಿ, ಅವರು ಸಕ್ಕರೆ ಕಾಯಿಲೆ ಇಲ್ಲದ, ಚಿಕ್ಕ ವಯಸ್ಸಿನವರಾಗಿರಲಿ. ಆರೈಕೆಯೆಂದರೆ ಅಮ್ಮಿ ಅಥವಾ ಸೊಸೆಯ ಕೆಲಸ ಎಂದು ಬಿಡಬೇಡಿ, ಮಗನೂ ಮಾಡಬಹುದು.

ನಿಖಾಬ್ ಮಾಸ್ಕ್ ಅಲ್ಲ. ಸಡಿಲ ಬಟ್ಟೆಯ ಅಂಚಿನಿಂದ ಗಾಳಿ ನುಗ್ಗುತ್ತದೆ. ಒಳಗೆ ಮಾಸ್ಕ್ ಧರಿಸಿ, ಮೇಲೆ ನಿಖಾಬ್ ಇರಲಿ. ದಿನಕ್ಕೆ ಐದು ಬಾರಿ ವುಝೂ ಮಾಡುವ ಅಭ್ಯಾಸ ದೊಡ್ಡ ವರದಾನ. ಆದರೆ ಈ ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಕರಗಿಸುವುದು ಸೋಪು. ಮೊದಲು ಸೋಪಿನಿಂದ ಕೈ ತೊಳೆದು ನಂತರ ವುಝೂ ಮಾಡಿ. ಒಂದೇ ಟವೆಲಿನಲ್ಲಿ ಎಲ್ಲರೂ ಮುಖ ಒರೆಸುವುದು, ದಸ್ತರ್‌ಖಾನಿನಲ್ಲಿ ಒಂದೇ ತಟ್ಟೆಯಿಂದ ಉಣ್ಣುವುದು ಸೋಂಕು ಇರುವಾಗ ಬೇಡ.

ಮನಸ್ಸಿನಲ್ಲಿರುವ ಭಯಗಳು

“ಆಸ್ಪತ್ರೆಗೆ ಹೋದವರು ವಾಪಸ್ ಬರುವುದಿಲ್ಲ.” ಹಲವರು ಹೋಗುವುದೇ ಅಂಕಿ ತೀರಾ ಇಳಿದ ಮೇಲೆ. 92ರಲ್ಲಿ ಹೋದವರು ವಾಪಸ್ ಬಂದರೆ ಅದು ಸುದ್ದಿಯಾಗುವುದಿಲ್ಲ.

“ಮಯ್ಯಿತ್ ನಮಗೆ ಸಿಗುವುದಿಲ್ಲ.” 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವೀಡಿಯೋ ನೋಡಿದವರಿಗೆ ಈ ಭಯ ಸಹಜ. ಜಿಲ್ಲಾಡಳಿತ ಅದಕ್ಕೆ ಕ್ಷಮೆ ಕೇಳಿತು. 2021ರಲ್ಲಿ ನಿಯಮ ಹೇಳುತ್ತಿದ್ದುದೇ ಬೇರೆ: ದಫನ ಮಾಡಲು ಅವಕಾಶವಿತ್ತು, ಮುಖ ನೋಡಲು ಅವಕಾಶವಿತ್ತು, ದೇಹ ಮುಟ್ಟದೆ ಪ್ರಾರ್ಥಿಸಲು ಅವಕಾಶವಿತ್ತು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು ಮಾತ್ರ ಇರಲಿಲ್ಲ. ಗುಸ್ಲ್ ಸಾಧ್ಯವಾಗದಾಗ ಏನು ಮಾಡಬೇಕೆಂದು ನಿಮ್ಮ ಊರಿನ ಉಲಮಾಗಳನ್ನು ಈಗಲೇ ಕೇಳಿಟ್ಟುಕೊಳ್ಳಿ. ಸಾಂಕ್ರಾಮಿಕದಲ್ಲಿ ಮೃತರಾದವರಿಗೆ ಶಹೀದರ ಪ್ರತಿಫಲವಿದೆ ಎಂಬ ಪ್ರವಾದಿವರ್ಯರ(ಸ) ಶುಭವಾರ್ತೆ ನಮಗೆ ಸಮಾಧಾನ. ಸಾಂಕ್ರಾಮಿಕವಿರುವ ಊರಿಗೆ ಹೋಗಬೇಡಿ, ಅಲ್ಲಿಂದ ಹೊರಗೂ ಬರಬೇಡಿ ಎಂದು ಎಚ್ಚರಿಕೆ ಕಲಿಸಿದವರೂ ಅವರೇ.

“ಲಸಿಕೆಯಿಂದ ಮಕ್ಕಳಾಗುವುದಿಲ್ಲ, ಅದರಲ್ಲಿ ಹರಾಮ್ ಇದೆ.” 2021ರಲ್ಲಿ ನಮ್ಮಲ್ಲಿ ಕೊಡುತ್ತಿದ್ದ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಹಂದಿಯ ಜೆಲಟಿನ್ ಇಲ್ಲ. ಬಂಜೆತನಕ್ಕೂ ಇವುಗಳಿಗೂ ಸಂಬಂಧ ಕಂಡಿಲ್ಲ. ಹಜ್‌ಗೆ ಹೊರಡುವ ಪ್ರತಿಯೊಬ್ಬರೂ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡೇ ಹೋಗುತ್ತಾರೆ. ಆಗ ನಾವು ಪ್ರಶ್ನೆ ಕೇಳುವುದಿಲ್ಲ. ಹಾಲುಣಿಸುವ ತಾಯಂದಿರೂ ಹಾಕಿಸಿಕೊಳ್ಳಬಹುದು. 2021ರ ನಿಯಮದಂತೆ ಕೊರೋನಾದಿಂದ ಗುಣವಾದವರು ಮೂರು ತಿಂಗಳು ಬಿಟ್ಟು ಹಾಕಿಸಿಕೊಳ್ಳಬೇಕಿತ್ತು. ಕೋವಿಶೀಲ್ಡ್‌ನ ಎರಡನೇ ಡೋಸ್ ಆಗ 12ರಿಂದ 16 ವಾರಗಳ ನಡುವೆ ಇತ್ತು. ಒಂದೆರಡು ದಿನ ಜ್ವರ, ತೋಳು ನೋವು ಬಂದರೆ ಹೆದರಬೇಡಿ.

ಕೊನೆಯದಾಗಿ, ಅಕ್ಕಪಕ್ಕದವರಿಗೆ ಒಂದು ಮಾತು. ಜ್ವರ ಮುಚ್ಚಿಡುವವರು ಹೆದರುವುದು ವೈರಾಣುವಿಗಿಂತ ಹೆಚ್ಚಾಗಿ ನಿಮಗೆ. ನಾಳೆ ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ, ಮಗಳ ಸಂಬಂಧ ಮುರಿಯುತ್ತದೆ, ಬೀದಿಯಲ್ಲಿ ಬೆರಳು ತೋರಿಸುತ್ತಾರೆ ಎಂಬ ಹೆದರಿಕೆ ಅವರದು. ಸೋಂಕಿತರ ಬಾಗಿಲಲ್ಲಿ ದಿನಕ್ಕೊಮ್ಮೆ ಊಟದ ಡಬ್ಬಿ ಇಟ್ಟು, ದೂರದಿಂದಲೇ “ಇವತ್ತು ಎಷ್ಟನೇ ದಿನ? ಅಂಕಿ ಎಷ್ಟು ಬಂತು?” ಎಂದು ಕೇಳಿ. ನೀವು ಹಾಗೆ ಕೇಳತೊಡಗಿದರೆ ಅವರು ಮುಚ್ಚಿಡುವುದನ್ನು ಬಿಡುತ್ತಾರೆ. ಆಶಾ ಅಕ್ಕ ಬಾಗಿಲಿಗೆ ಬಂದಾಗ ನಿಜ ಹೇಳುತ್ತಾರೆ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.