ಕತ್ತಿನ ನೋವು ಮತ್ತು ಭೌತಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

ಚರಿತ್ರೆಯ ಅಧ್ಯಾಪಕನು ಕತ್ತಿನ ನೋವನ್ನು ಕುರಿತು ಬರೆಯುವುದು ಅನಧಿಕಾರ ಪ್ರವೇಶವೆಂದು ತೋರಬಹುದು. ಆದರೆ ಈ ವ್ಯಾಧಿಯ ಪ್ರಾಚೀನ ಸಾಕ್ಷ್ಯಗಳು ಚರಿತ್ರಕಾರನ ಆಕರಗಳೇ ಆಗಿವೆ.

1862ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಈಜಿಪ್ಟಿನ ಲಕ್ಸರ್‌ನಲ್ಲಿ ಒಂದು ಪಪೈರಸ್ ಲಿಖಿತವನ್ನು ಕೊಂಡನು. ಸುಮಾರು ಕ್ರಿ. ಪೂ. 1600ಕ್ಕೆ ಸೇರಿದ ಅದನ್ನು ಜೇಮ್ಸ್ ಹೆನ್ರಿ ಬ್ರೆಸ್ಟೆಡ್ 1930ರಲ್ಲಿ ಅನುವಾದಸಹಿತವಾಗಿ ಪ್ರಕಟಿಸಿದನು. ಅದರ 48 ಪ್ರಕರಣಗಳಲ್ಲಿ ಐದು ಕತ್ತಿನ ಮೂಳೆಗಳಿಗೆ ಸಂಬಂಧಿಸಿವೆ. ಕತ್ತು ಉಳುಕಿದವನಿಗೆ ತನ್ನ ಎರಡು ಭುಜಗಳನ್ನೂ ಎದೆಯನ್ನೂ ನೋಡುವಂತೆ ವೈದ್ಯನು ಹೇಳಬೇಕು. ಅವನು ನೋವಿನಿಂದಲಾದರೂ ನೋಡಬಲ್ಲನಾದರೆ ಚಿಕಿತ್ಸೆ ಮಾಡಬಹುದು. ಮೂಳೆ ಸ್ಥಾನ ತಪ್ಪಿ ಕೈಕಾಲುಗಳ ಅರಿವೇ ಅಳಿದವನ ವಿಷಯದಲ್ಲಿ ಚಿಕಿತ್ಸೆಯಿಲ್ಲವೆಂಬುದೇ ಅದರ ತೀರ್ಮಾನ.

ಈ ವಿವೇಚನೆ ಇಂದಿಗೂ ಭೌತಚಿಕಿತ್ಸೆಯ ಮೊದಲ ಮೆಟ್ಟಿಲು. ಕತ್ತಿನಲ್ಲಿ ಏಳು ಕಶೇರುಗಳೂ ಎಂಟು ಜೊತೆ ನರಗಳೂ ಇವೆ. ಆದುದರಿಂದ ಚಿಕಿತ್ಸಕನು ಕತ್ತಿನ ಚಲನೆಯೊಡನೆ ತೋಳಿನ ಬಲವನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸುತ್ತಾನೆ. ಕೈ ಬಲಗುಂದಿದರೆ, ನಡಿಗೆ ತತ್ತರಿಸಿದರೆ, ಮೂತ್ರದ ಹತೋಟಿ ತಪ್ಪಿದರೆ ವ್ಯಾಯಾಮಕ್ಕೆ ತೊಡಗದೆ ಕೂಡಲೇ ವೈದ್ಯನನ್ನು ಕಾಣತಕ್ಕದ್ದು.

ಪರೀಕ್ಷೆಯ ತತ್ವ ಉಳಿದುಬಂದರೂ ಚಿಕಿತ್ಸೆಯ ಕ್ರಮ ಬದಲಾಗಿದೆ. ಗ್ರೀಸಿನ ಹಿಪೊಕ್ರಟೀಸನ ಪರಂಪರೆಯ ವೈದ್ಯರು ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ ಬೆನ್ನುಮೂಳೆಯನ್ನು ಎಳೆಯುತ್ತಿದ್ದರು. 1813ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಸ್ಟಾಕ್‌ಹೋಮ್‌ನಲ್ಲಿ ಸ್ಥಾಪಿಸಿದ ಸಂಸ್ಥೆ ವ್ಯಾಯಾಮವನ್ನೇ ಚಿಕಿತ್ಸೆಯಾಗಿ ಬೋಧಿಸಿತು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಅಂಗಮರ್ದನದ ವೃತ್ತಿಗೆ ಶಿಸ್ತನ್ನು ತರಲು ಸಂಘವೊಂದನ್ನು ಕಟ್ಟಿದರು. ಇಂದು ಬ್ರಿಟನ್ನಿನ ಭೌತಚಿಕಿತ್ಸಕರ ಸಂಸ್ಥೆಯಾಗಿರುವುದು ಅದೇ.

ಶಾಖ, ಅಂಗಮರ್ದನಗಳು ನೋವನ್ನು ತಾತ್ಕಾಲಿಕವಾಗಿ ಶಮನಗೊಳಿಸಬಲ್ಲವು. ಆದರೆ ಸಾಮಾನ್ಯವಾದ ಕತ್ತಿನ ನೋವಿನಲ್ಲಿ ಕತ್ತು ಮತ್ತು ಹೆಗಲಿನ ಸ್ನಾಯುಗಳನ್ನು ಕ್ರಮಕ್ರಮವಾಗಿ ಬಲಪಡಿಸುವ ವ್ಯಾಯಾಮಕ್ಕೆ ಇಂದು ಪ್ರಾಧಾನ್ಯವಿದೆ. ಬಹುಕಾಲ ಪಟ್ಟಿ ಕಟ್ಟಿಕೊಂಡು ನಿಶ್ಚಲವಾಗಿದ್ದರೆ ಆ ಸ್ನಾಯುಗಳೇ ದುರ್ಬಲವಾಗುತ್ತವೆ. ಹಿಂದೆ ಹಲಗೆಯ ಮೇಲೆ ಸುಮ್ಮನೆ ಮಲಗಿದ್ದ ರೋಗಿ ಈಗ ತನ್ನ ಚಿಕಿತ್ಸೆಯಲ್ಲಿ ತಾನೇ ಪಾಲುಗಾರನಾಗಿದ್ದಾನೆ. ಈ ಚರಿತ್ರೆಯ ಮುಖ್ಯ ಪರಿವರ್ತನೆ ಇದೇ ಎನ್ನಬಹುದು.

ಗ್ರಂಥಗಳ ಮೇಲೂ ಉತ್ತರಪತ್ರಿಕೆಗಳ ಮೇಲೂ ಗಂಟೆಗಟ್ಟಲೆ ಬಾಗಿ ಕುಳಿತಿರುವ ನಮಗೆ ಈ ಪಾಲುಗಾರಿಕೆ ದೂರದ ವಿಷಯವಲ್ಲ. ನಡುನಡುವೆ ಎದ್ದು ನಿಂತು, ಎಡಬಲ ಭುಜಗಳತ್ತ ಮೆಲ್ಲನೆ ತಿರುಗಿ ನೋಡುವುದರಿಂದಲೇ ಅದನ್ನು ಆರಂಭಿಸಬಹುದು.