ಮಳೆಗಾಲದ ಅಣಬೆ: ಬಲ್ಲವರನ್ನು ಕೇಳಿ ಬುಟ್ಟಿಗೆ ಹಾಕಿ

ಆರಿದ್ರಾ ಮಳೆ ಹಿಡಿದು ನೆಲ ನೆನೆದು, ನಡುವೆ ಒಂದೆರಡು ಗುಡುಗು ಕೇಳಿಸಿದರೆ ಸಾಕು, ಕೋಣಂದೂರಿನ ಸುತ್ತಲಿನ ಮನೆಗಳಲ್ಲಿ ಅಣಬೆಯ ಮಾತು ಆರಂಭವಾಗುತ್ತದೆ. ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲೂ ಅದೇ ಮಾತು. ಆದರೆ ಅಣಬೆ ಎಲ್ಲಿ ಎದ್ದಿದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆಗೆ ಮಲೆನಾಡಿನಲ್ಲಿ ಅಷ್ಟು ರಿಯಾಯಿತಿ ಉಂಟು!

ಹುತ್ತದ ಅಣಬೆಯ ಹುಟ್ಟು ವಿಸ್ಮಯಕರವಾದುದು. ಗೆದ್ದಲುಗಳು ಒಣಗಿದ ಎಲೆ ಕಡ್ಡಿಗಳನ್ನು ತಿಂದು ಬಂದು, ನೆಲದೊಳಗಿನ ಗೂಡಿನಲ್ಲಿ ಸ್ಪಂಜಿನಂಥ ಹಾಸನ್ನು ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಸಾಕುತ್ತವೆ. ಶಿಲೀಂಧ್ರವು ಆ ಒರಟು ಕಸವನ್ನು ಕರಗಿಸಿ ಗೆದ್ದಲಿಗೆ ಆಹಾರವಾಗಿಸುತ್ತದೆ. ಮಳೆಯ ತೇವ ಕೆಳಗಿಳಿದಾಗ ಇದೇ ಶಿಲೀಂಧ್ರವು ಕೊಡೆ ಬಿಡಿಸಿಕೊಂಡು ಮೇಲಕ್ಕೇಳುತ್ತದೆ. ಅದರ ಕಾಲು ಬೇರಿನಂತೆ ನೀಳವಾಗಿ ಗೂಡಿನವರೆಗೂ ಇಳಿದಿರುತ್ತದೆ. ಗೂಡು ಉಳಿದಿರುವವರೆಗೆ ಅಣಬೆ ಮತ್ತೆ ಅದೇ ಜಾಗದಲ್ಲಿ ಏಳುವುದು ಇದರಿಂದಲೇ. ಆಸೆಗೆ ಬಿದ್ದು ಹುತ್ತವನ್ನು ಅಗೆದವನು ಮುಂದಿನ ವರ್ಷದ ಫಸಲನ್ನೂ ಅಗೆದು ಹಾಕಿದಂತೆ. ಚಿಪ್ಪಣಬೆಯನ್ನು ಹುಲ್ಲಿನ ಚೀಲದಲ್ಲಿ ಬೆಳೆಯಬಹುದು. ಇದನ್ನು ಬೆಳೆಯಲು ಗೆದ್ದಲೇ ಬೇಕು.

ಆದರೆ ಮಳೆಗೆ ಏಳುವ ಬಿಳಿ ಕೊಡೆಗಳೆಲ್ಲವೂ ಹುತ್ತದ ಅಣಬೆಗಳಲ್ಲ. ಎರಡನೆಯ ಅರಸುಗಳ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಇಲ್ಲಿ ನೆನೆಯಬೇಕು. ಗಿಲ್ಗಾಲಿನಲ್ಲಿ ಬರಗಾಲ. ಪ್ರವಾದಿ ಎಲೀಷನ ಶಿಷ್ಯರಿಗೆ ಅಡುಗೆ ಆಗಬೇಕು. ಒಬ್ಬನು ಸೊಪ್ಪು ಕೀಳಲು ಹೊಲಕ್ಕೆ ಹೋಗಿ, ಯಾವುದೋ ಕಾಡುಬಳ್ಳಿಯ ಕಾಯಿಗಳನ್ನು ಮಡಿಲ ತುಂಬ ತಂದು ಹೆಚ್ಚಿ ಹಾಕಿದನು. ಅದೇನೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಬಾಯಿಗಿಟ್ಟ ಕೂಡಲೇ ಅವರು ಪಾತ್ರೆಯಲ್ಲಿ ಮರಣವಿದೆ ಎಂದು ಕೂಗಿಕೊಂಡರು. ಅದು ಹಾವುಮೆಕ್ಕೆಯಂಥ ಕಹಿಕಾಯಿ ಇರಬೇಕೆಂದು ಪಂಡಿತರ ಊಹೆ. ಎಲೀಷನು ಹಿಟ್ಟು ಹಾಕಿ ಆ ಅಡುಗೆಯನ್ನು ನಿರಪಾಯಗೊಳಿಸಿದನು.

ಅದು ಪ್ರವಾದಿಯ ಪವಾಡ. ನಮ್ಮ ಮನೆಯ ಹಿಟ್ಟಿಗೆ ಆ ಶಕ್ತಿಯಿಲ್ಲ. ಹುಣಸೆಹಣ್ಣಿಗೂ ಅರಿಸಿನಕ್ಕೂ ಇಲ್ಲ. ಬೇಯುವ ಅಣಬೆಯಲ್ಲಿ ಬೆಳ್ಳಿಯ ಚಮಚ ಕಪ್ಪಾಗದಿದ್ದರೆ, ಬೆಳ್ಳುಳ್ಳಿ ಬಣ್ಣ ಬದಲಿಸದಿದ್ದರೆ ವಿಷವಿಲ್ಲ ಎಂಬ ಪರೀಕ್ಷೆಗಳು ಶುದ್ಧ ಸುಳ್ಳು. ಹುಳ ತಿಂದ ಅಣಬೆ ಮನುಷ್ಯನಿಗೂ ಸುರಕ್ಷಿತವೆಂಬ ಮಾತೂ ಹಾಗೆಯೇ. ಅತ್ಯಂತ ಘೋರವಾದ ಅಣಬೆ ವಿಷವು ಎಷ್ಟು ಕುದಿಸಿದರೂ ನಾಶವಾಗದು. ತಿಂದು ಆರು ಗಂಟೆ, ಕೆಲವೊಮ್ಮೆ ಒಂದು ಹಗಲು ರಾತ್ರಿ ಕಳೆದ ಮೇಲೆ ವಾಂತಿ ಭೇದಿ ಆರಂಭವಾಗುತ್ತದೆ. ಬಳಿಕ ಗುಣವಾದಂತೆ ತೋರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಯಕೃತ್ತು ಸೋಲುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅನುಮಾನ ಬಂದರೆ ವಾಂತಿ ನಿಂತಿತೆಂದು ಮನೆಯಲ್ಲಿ ಕುಳಿತಿರದೆ, ಉಳಿದ ಅಣಬೆಯನ್ನೂ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬಲ್ಲವರ ಜತೆ ನಡೆದು ಕಲಿಯುವುದೊಂದೇ ದಾರಿ. ಮಲೆನಾಡಿನ ಕಥೋಲಿಕ ಕುಟುಂಬಗಳಲ್ಲಿ ಬಹುಪಾಲು ಕರಾವಳಿಯಿಂದ ಘಟ್ಟ ಹತ್ತಿ ಬಂದವು. ಕೊಂಕಣಿಯ ‘ಅಳ್ಮಿ’ ಎಂಬ ಹೆಸರನ್ನು ಜತೆಗೆ ತಂದರೂ, ಈ ಕಾಡನ್ನು ತಲೆತಲಾಂತರದಿಂದ ಬಲ್ಲವರು ಹಸಲರಂಥ ನೆರೆಯವರು. ಜಗದ್ಗುರು ಫ್ರಾನ್ಸಿಸ್ ಅವರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ನೆಲದೊಡನೆ ಬಾಳಿದ ಮೂಲನಿವಾಸಿಗಳ ಮಾತಿಗೆ ವಿಶೇಷ ಮನ್ನಣೆ ಸಲ್ಲಬೇಕೆಂದರು. ನಮ್ಮಲ್ಲಿ ಅದನ್ನು ಸೊಪ್ಪಿನಬೆಟ್ಟದಿಂದಲೇ ಆರಂಭಿಸಬಹುದು. ಬೆಂಗಳೂರಿನಿಂದಲೋ ಕೊಲ್ಲಿ ದೇಶದಿಂದಲೋ ರಜೆಗೆ ಬಂದ ಮಕ್ಕಳು ಮೊಬೈಲಿನ ಚಿತ್ರ ನೋಡಿ ಬುಟ್ಟಿ ತುಂಬಿಸುವ ಮುನ್ನ, ಮನೆಯಲ್ಲಿರುವ ಅಜ್ಜಿಯನ್ನು ಒಂದು ಮಾತು ಕೇಳಲಿ. ಅವರು ಅನುಮಾನಿಸಿದರೆ ಎಸೆಯಲಿ.

ಈ ಅಜ್ಜಿಯರ ವಿದ್ಯೆ ಅಣಬೆಗಷ್ಟೇ ಸೀಮಿತವಲ್ಲ. ಎಳೆಯ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಹಾಕಿ, ಬೇಯಿಸಿದ ಮೇಲೆಯೇ ಅದು ಪದಾರ್ಥ. ಕೆಸುವಿನ ಎಲೆಯಲ್ಲಿ ಗಂಟಲು ಕೆರೆಸುವ ಸೂಜಿಯಂಥ ಹರಳುಗಳಿವೆ. ಅದಕ್ಕೆ ಹುಣಸೆಯ ಹುಳಿಯೂ ಚೆನ್ನಾದ ಬೇಯುವಿಕೆಯೂ ಬೇಕು. ಚಗಟೆಯದು, ನಮ್ಮ ‘ತಾಯ್ಕಿಳೊ’, ಎಳೆಯ ಚಿಗುರೇ ಆಗಬೇಕು. ಸೆಪ್ಟೆಂಬರ್ 8ರ ಮರಿಯಮ್ಮನವರ ಜನನದ ಹಬ್ಬದಂದು ಹೊಸ ತೆನೆಯ ಅಕ್ಕಿಯೊಡನೆ ಬೆಸಸಂಖ್ಯೆಯ ತರಕಾರಿಗಳನ್ನು ಬಡಿಸುವ ಮನೆಗಳಲ್ಲಿ ಕೆಸುವಿನ ದಂಟಿಗೆ ಇಂದಿಗೂ ಒಂದು ಸ್ಥಾನವಿದೆ. ಅದನ್ನು ತುರಿಸದಂತೆ ಬೇಯಿಸುವುದು ಹೇಗೆಂದು ಈ ಬಾರಿ ಸೊಸೆಯಂದಿರ ಜತೆ ಗಂಡುಮಕ್ಕಳೂ ಅಡುಗೆಮನೆಯಲ್ಲಿ ನಿಂತು ನೋಡಿಕೊಂಡರೆ ಒಳ್ಳೆಯದು.